ತೌಡಿಗೆ ಕೊಂಡ ತಂಗಿ

ಹತ್ತಿ ಸುತ್ತಿದ ಒಂದು ಕಡ್ಡಿಯನ್ನು ಕೆನ್ನೆಯ ಒಳಗೆ ಸ್ವಲ್ಪ ಹೊತ್ತು ಉಜ್ಜಿಸಿಕೊಳ್ಳಬೇಕಿತ್ತು. ನೋವಿಲ್ಲ, ರಕ್ತವಿಲ್ಲ. ನನ್ನ ತಂಗಿ ದೊಡ್ಡವಳಾದ ಮೇಲೆ ನನ್ನಿಂದ ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಅದನ್ನು ನಾನು ಎಷ್ಟೋ ವರ್ಷ ಮಾಡಲಿಲ್ಲ. ಬರುತ್ತೇನೆ ಎಂದು ಹೇಳಿ ಹೋಗಲಿಲ್ಲ. ಆಟೋ ಬಾಗಿಲಿಗೆ ಬಂದು ನಿಂತಾಗಲೂ ಹೋಗಲಿಲ್ಲ. ಆಮೇಲೆ ಆ ಮಾತೇ ನಮ್ಮ ನಡುವೆ ಬಾರದ ಹಾಗೆ ನೋಡಿಕೊಂಡೆ.

ನಾನು ಓದಿದ್ದು ಐದನೇ ಕ್ಲಾಸಿನವರೆಗೆ. ಚಾಮರಾಜಪೇಟೆಯ ಒಂದು ವಠಾರದಲ್ಲಿ ಹುಟ್ಟಿ, ಮದುವೆಯಾದ ಮೇಲೂ ಅಲ್ಲೇ ಉಳಿದೆ. ಗಂಡುಮಕ್ಕಳಿಲ್ಲದ ಅಪ್ಪ ನನ್ನ ಗಂಡನನ್ನು ಮನೆಗೇ ಕರೆದುಕೊಂಡಿದ್ದರು. ಅಪ್ಪ ಬಟ್ಟೆ ಗಿರಣಿಗೆ ಹೋಗುತ್ತಿದ್ದರು, ಅಮ್ಮ ಮನೆಯಲ್ಲಿ ಊದುಬತ್ತಿ ಹೊಸೆಯುತ್ತಿದ್ದಳು. ಅಮ್ಮನ ಮಣೆಯನ್ನೇ ಮುಂದೆ ನಾನು ಹಿಡಿದೆ. ಕಾಟನ್‌ಪೇಟೆಯಿಂದ ಕಡ್ಡಿ, ಮಸಾಲೆ ತರುವುದು, ಹೊಸೆದು ಒಣಗಿಸಿ ವಾಪಸ್ ಕೊಡುವುದು. ನನ್ನ ಕೈಬೆರಳುಗಳು ಇವತ್ತಿಗೂ ಕರಿಯೇ.

ನನಗೂ ತಂಗಿಗೂ ನಡುವೆ ಅಮ್ಮನಿಗೆ ಎರಡು ಮಕ್ಕಳು ಹುಟ್ಟಿ, ಹೆಸರಿಡುವ ಮೊದಲೇ ತೀರಿಕೊಂಡವು. ನಮ್ಮ ಕಡೆ ಹೀಗೆ ಮಕ್ಕಳು ಉಳಿಯದಿದ್ದರೆ ಒಂದು ಶಾಸ್ತ್ರ ಮಾಡುತ್ತಾರೆ. ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸಿ ಬೇರೆ ಮನೆಯವರಿಗೆ ಕೊಟ್ಟುಬಿಡುತ್ತಾರೆ. ಅವರು ‘ಇದು ನಮ್ಮದು’ ಎಂದು ಹೊಸ್ತಿಲು ದಾಟಿಸಿ ಒಯ್ಯುತ್ತಾರೆ. ಆಮೇಲೆ ಒಂದು ಮೊರ ತೌಡು ಕೊಟ್ಟು ಅದನ್ನು ಕೊಂಡು ತರಬೇಕು. ಯಾರದೋ ಕೂಸು, ದನ ತಿನ್ನುವ ತೌಡಿಗೆ ಸಿಕ್ಕಿದ ಕೂಸು, ಅಂಥದ್ದರ ಮೇಲೆ ಸಾವು ಯಾಕೆ ಕಣ್ಣು ಹಾಕುತ್ತದೆ ಎಂಬ ನಂಬಿಕೆ.

ತಂಗಿ ಹುಟ್ಟಿದ್ದು ಮನೆಯಲ್ಲೇ, ಒಂದು ಮಧ್ಯಾಹ್ನ. ಸೂಲಗಿತ್ತಿಗೆ ಕೈ ಸಾಲದೆ ನನ್ನನ್ನು ಒಳಗೆ ಕರೆದು, ಅಮ್ಮನ ಬೆನ್ನ ಹಿಂದೆ ಕೂರಿಸಿ, ಭುಜ ಗಟ್ಟಿಯಾಗಿ ಹಿಡಿದುಕೊ ಎಂದಳು. ನಾನು ಎಲ್ಲವನ್ನೂ ನೋಡಿದೆ. ನಮ್ಮ ವಠಾರದ ಹಿಂದೆ ಹಸು ಕಟ್ಟಿಕೊಂಡು ಹಾಲು ಮಾರುತ್ತಿದ್ದ ಹೆಂಗಸೊಬ್ಬಳಿದ್ದಳು. ಕೂಸನ್ನು ಅವಳಿಗೆ ಕೊಟ್ಟರು. ಹೊತ್ತು ಮುಳುಗುವುದರೊಳಗೆ ತೌಡಿನ ಮೊರ ಹೊತ್ತುಕೊಂಡು ಹೋಗಿ ಕೂಸನ್ನು ಕೊಂಡು ತಂದವಳು ನಾನೇ. ಅಮ್ಮನಿಗೆ ಏಳಲು ಆಗುತ್ತಿರಲಿಲ್ಲ.

ಅವಳು ಉಳಿದಳು. ಅಮ್ಮನಿಗೆ ಮಾತ್ರ ಮೈಯಲ್ಲಿ ಮೊದಲಿನ ಶಕ್ತಿ ಬರಲಿಲ್ಲ. ಮಗುವನ್ನು ಎತ್ತಿಕೊಳ್ಳಲು ಒಬ್ಬರು ಬೇಕಲ್ಲ, ನನ್ನನ್ನು ಶಾಲೆ ಬಿಡಿಸಿದರು. ಕಂಕುಳಲ್ಲಿ ಅವಳನ್ನು ಎತ್ತಿಕೊಂಡು ಗೇಟಿನ ಹತ್ತಿರ ನಿಂತು, ನನ್ನ ಜೊತೆಯ ಹುಡುಗಿಯರು ಜಡೆ ಹಾರಿಸಿಕೊಂಡು ಶಾಲೆಗೆ ಹೋಗುವುದನ್ನು ನೋಡುತ್ತಿದ್ದೆ. ಆಗ ಅವಳ ತೊಡೆ ಚಿವುಟಿದ್ದೂ ಉಂಟು.

ತೌಡಿನ ಮಾತು ಮನೆಯಲ್ಲಿ ತಮಾಷೆಯಾಗಿತ್ತು. ಅಮ್ಮ ಅವಳನ್ನು ಮುದ್ದಾಡುವಾಗ “ನನ್ನ ತೌಡಿನ ಬಂಗಾರ” ಅನ್ನುತ್ತಿದ್ದಳು. ಅಪ್ಪ ಗಿರಣಿಯಿಂದ ಬಂದರೆ “ಎಲ್ಲಿ ನಮ್ಮ ಮೊರದಮ್ಮ?” ಎಂದು ಕೂಗುತ್ತಿದ್ದರು. ನಾನೂ ಅದೇ ಮಾತು ಆಡುತ್ತಿದ್ದೆ. ಆದರೆ ಯಾರೂ ಇಲ್ಲದಾಗ, ತಲೆ ಬಾಚುವಾಗ ಸಿಕ್ಕು ಎಳೆಯುತ್ತಾ, “ನೀನು ನಮ್ಮೋಳಲ್ಲ ಕಣೇ. ಹಾಲಿನೋಳ ಮನೇಲಿ ಬಿದ್ದಿದ್ದೆ, ತೌಡು ಕೊಟ್ಟು ತಂದ್ವಿ” ಎನ್ನುತ್ತಿದ್ದೆ. ಅಮ್ಮನ ಬಾಯಲ್ಲಿ ಮುದ್ದಾದದ್ದು ನನ್ನ ಬಾಯಲ್ಲಿ ಬೇರೆಯದೇ ಆಗುತ್ತಿತ್ತು. ಮಕ್ಕಳಿಗೆ ಆ ವ್ಯತ್ಯಾಸ ತಿಳಿಯುತ್ತದೆ.

ತಂಗಿ ಮೂರನೇ ಕ್ಲಾಸಿನಲ್ಲಿರುವಾಗ ಅಮ್ಮ ಹೋದಳು. ಹಾಲಿನವಳೂ ಹಸುಗಳನ್ನು ಮಾರಿ ಮಗನ ಜೊತೆ ಮಾಗಡಿ ರಸ್ತೆಯ ಕಡೆಗೆ ಹೊರಟುಹೋದಳು. ಸೂಲಗಿತ್ತಿ ಎಲ್ಲಿಯವಳೋ. ತಂಗಿಯ ಹುಟ್ಟನ್ನು ಕಣ್ಣಾರೆ ಕಂಡವಳಾಗಿ ನಾನೊಬ್ಬಳೇ ಉಳಿದೆ. ಹೈಸ್ಕೂಲಿಗೆ ಹೋಗುವಾಗ ಒಂದು ದಿನ ಕೇಳಿದಳು.

“ಅಕ್ಕ, ತೌಡಿನ ವಿಷಯ ನಿಜಾನಾ, ತಮಾಷೇನಾ?”

“ನನಗೇನು ಗೊತ್ತು, ನಾನಾಗ ಚಿಕ್ಕೋಳು” ಎಂದೆ.

ಅಪ್ಪನನ್ನು ಕೇಳಿದರೆ ಅವರು ನಕ್ಕರು, “ಮೊರದ ತುಂಬ ಕೊಟ್ಟಿದೀನಿ, ಕಮ್ಮಿ ಬೆಲೆ ಅಂದ್ಕೊಂಡ್ಯಾ?” ಎಂದರು. ಗಂಡಸರಿಗೆ ಅದು ತಮಾಷೆಯಾಗಿಯೇ ಕೊನೆತನಕ ಉಳಿಯಿತು. ಅವಳು ನಮ್ಮ ಮನೆಯಲ್ಲಿ ಯಾರಿಗೂ ಇಲ್ಲದಷ್ಟು ಎತ್ತರಕ್ಕೆ ಬೆಳೆದಳು. ಚೆನ್ನಾಗಿ ಓದಿ ಸರ್ಕಾರಿ ಶಾಲೆಯಲ್ಲಿ ಮೇಡಂ ಆದಳು, ಹನುಮಂತನಗರದ ಮನೆಗೆ ಸೊಸೆಯಾಗಿ ಹೋದಳು, ಒಂದು ಹೆಣ್ಣು ಮಗುವಾಯಿತು. ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಂಡು ಹೋಗುತ್ತಿದ್ದೆವು. ಎಲ್ಲ ಸರಿಯಾಗಿದೆ ಎಂದೇ ನಾನು ಅಂದುಕೊಂಡಿದ್ದೆ.

ತೊಂಬತ್ತರ ದಶಕದ ಕೊನೆಗೆ ಅಪ್ಪ ತೀರಿಕೊಂಡರು. ಮೂರನೇ ದಿನ ಹಾಲುತುಪ್ಪ. ಮಣ್ಣು ಮಾಡಿದ ಜಾಗಕ್ಕೆ ಹೋಗಿ ಮಕ್ಕಳು ಹಾಲು ತುಪ್ಪ ಬಿಡಬೇಕು. ತಂಗಿ ಮುಂದೆ ನಿಂತಿದ್ದಳು, ಬಟ್ಟಲು ಅವಳ ಕೈಯಲ್ಲೇ ಇತ್ತು. ಅಪ್ಪನ ಕೊನೆಯ ತಿಂಗಳುಗಳಲ್ಲಿ ಶಾಲೆ ಮುಗಿಸಿ ಎರಡು ಬಸ್ಸು ಹಿಡಿದು ಬಂದು ಅವರ ಕಾಲು ಒತ್ತಿದವಳು ಅವಳು. ಆಗ ನಮ್ಮ ಸೋದರತ್ತೆ, ಅಪ್ಪನ ತಂಗಿ, ಹಿಂದಿನಿಂದ ಹೇಳಿದಳು: “ಇರು, ಇರು. ಮೊದಲು ಹೊಟ್ಟೇಲಿ ಹುಟ್ಟಿದೋಳು ಬಿಡಲಿ. ಆಮೇಲೆ ತೌಡಿನೋಳು.”

ಅತ್ತೆ ಕೆಟ್ಟವಳಲ್ಲ. ಅಣ್ಣ ಸತ್ತ ದುಃಖ, ಎರಡು ದಿನದಿಂದ ನಿದ್ದೆಯಿಲ್ಲ, ಬಾಯಿಗೆ ಬಂದದ್ದು ಹಳೆಯ ತಮಾಷೆಯ ಮಾತು. ದೊಡ್ಡವಳು ಮೊದಲು ಬಿಡಲಿ ಅಂದಿದ್ದರೆ ಮುಗಿಯುತ್ತಿತ್ತು. ಅಂದಮೇಲೆ ಅವಳಿಗೂ ಎದೆ ಧಸಕ್ ಅಂತಂತೆ, ಆಮೇಲೆ ನನ್ನ ಹತ್ತಿರ ಹೇಳಿಕೊಂಡಳು. ಆದರೆ ಅಲ್ಲಿ ಯಾರೂ ನಗಲಿಲ್ಲ. ತಂಗಿಯ ಗಂಡ, ಅವಳ ಗಂಡನ ಮನೆಯವರು, ವಠಾರದವರು ಎಲ್ಲ ಕೇಳಿಸಿಕೊಂಡರು. ತಂಗಿ ನನ್ನ ಮುಖ ನೋಡಿದಳು. ನಾನು ಒಂದು ಮಾತು ಹೇಳಬೇಕಿತ್ತು. ಹೇಳದೆ ಅವಳ ಕೈಯಿಂದ ಬಟ್ಟಲು ತೆಗೆದುಕೊಂಡೆ. ನಾನೇ ಮೊದಲು ಹಾಲು ಬಿಟ್ಟೆ.

ಇನ್ನೊಂದು ಮಾತನ್ನೂ ಬರೆಯುತ್ತೇನೆ. ಆ ಗಳಿಗೆಯಲ್ಲಿ ನನಗೆ ಒಳಗೆ ಎಲ್ಲೋ ಹಿತವಾಯಿತು. ಓದಿದವಳು, ಸಂಬಳದವಳು, ಎಲ್ಲರೂ ಮೇಡಂ ಅನ್ನುವವಳು, ನನ್ನ ಹಿಂದೆ ನಿಂತಿದ್ದಾಳೆ ಎನ್ನಿಸಿತು. ಅಪ್ಪನ ಮಣ್ಣಿನ ಮುಂದೆ ನಿಂತು ನಾನು ಅದನ್ನು ಅನುಭವಿಸಿದೆ.

ಅವಳು ಮರಳಿ ಆ ಮಾತೆತ್ತಿದ್ದು ಕೆಲವು ವರ್ಷಗಳ ಮೇಲೆ. ಒಂದು ಭಾನುವಾರ ಬಂದು, ನಾನು ಕಡ್ಡಿ ಹೊಸೆಯುತ್ತಿದ್ದ ಮಣೆಯ ಪಕ್ಕ ನೆಲದ ಮೇಲೆ ಕುಳಿತಳು. ಅತ್ತೆಯೂ ಆ ದಿನ ನಮ್ಮ ಮನೆಯಲ್ಲಿದ್ದಳು.

“ಡಿಎನ್ಎ ಅಂತ ಒಂದು ಟೆಸ್ಟ್ ಇದೆ ಅಕ್ಕ. ಮಲ್ಲೇಶ್ವರದಲ್ಲಿ ಒಂದು ಲ್ಯಾಬಿನವರು ಬಾಯೊಳಗೆ ಕಡ್ಡಿಯಿಂದ ಉಜ್ಜಿ ತಗೊಂಡು ಹೈದರಾಬಾದಿಗೆ ಕಳಿಸ್ತಾರೆ. ಯಾರು ಯಾರಿಗೆ ಹುಟ್ಟಿದ್ದು ಅಂತ ಗೊತ್ತಾಗುತ್ತೆ.”

“ನಿನಗೇನು ಹುಚ್ಚಾ?” ಎಂದೆ.

“ಇರಬಹುದು. ನನ್ನ ಮಗಳು ಅಜ್ಜಿ ಯಾರು ಅಂತ ಕೇಳಿದ್ರೆ ಅಮ್ಮನ ಫೋಟೋ ತೋರಿಸ್ತೀನಿ. ತೋರಿಸೋವಾಗ ಪ್ರತಿ ಸಲ ಸುಳ್ಳು ಹೇಳ್ತಿದೀನೇನೋ ಅನ್ಸುತ್ತೆ. ಅದು ಸಾಕಾಗಿದೆ ನಂಗೆ.”

ಅಪ್ಪ ಅಮ್ಮ ಇದ್ದಿದ್ದರೆ ಅವರದು ಸಾಕಾಗುತ್ತಿತ್ತು ಎಂದು ವಿವರಿಸಿದಳು. ಅವರಿಲ್ಲದ್ದರಿಂದ ಹತ್ತಿರದವರು ಎಷ್ಟು ಜನ ಕೊಟ್ಟರೆ ಅಷ್ಟೂ ಒಳ್ಳೆಯದು. ಮಕ್ಕಳ ಮೈಯಲ್ಲಿ ಅಪ್ಪನದು ಅರ್ಧ, ಅಮ್ಮನದು ಅರ್ಧ ಇರುತ್ತದೆ. ಅಪ್ಪನದರಲ್ಲಿ ಒಂದಿಷ್ಟು ಅತ್ತೆಯಲ್ಲಿ ಸಿಗುತ್ತದೆ, ಒಂದಿಷ್ಟು ಅಪ್ಪನ ತಮ್ಮ ಚಿಕ್ಕಪ್ಪನಲ್ಲಿ. ಅಪ್ಪ ಅಮ್ಮ ಇಬ್ಬರದೂ ಸಿಗುವುದು ನನ್ನಲ್ಲಿ ಮಾತ್ರ.

“ನೀನು ಬರಲೇಬೇಕು. ನೀನಿಲ್ಲದಿದ್ರೆ ಉಳಿದೋರು ಕೊಟ್ಟೂ ಪ್ರಯೋಜನ ಕಮ್ಮಿ.”

“ನಾನು ಮೊದಲು ಕೊಡ್ತೀನಿ ನಡಿಯಮ್ಮ” ಎಂದಳು ಅತ್ತೆ. “ಅವತ್ತು ನನ್ನ ಬಾಯೇ ಕೆಟ್ಟಿದ್ದು. ಏನು ತೆಗೀಬೇಕೋ ಈ ಬಾಯಿಂದಲೇ ತೆಗೀಲಿ.”

ಅತ್ತೆಯನ್ನೂ ಚಿಕ್ಕಪ್ಪನನ್ನೂ ಅವಳು ಮಲ್ಲೇಶ್ವರಕ್ಕೆ ಕರೆದುಕೊಂಡು ಹೋದ ದಿನದ ಕತೆಯನ್ನು ಅತ್ತೆ ನನಗೆ ನಗುನಗುತ್ತಾ ಹೇಳಿದಳು. ಲ್ಯಾಬಿನ ಹುಡುಗಿ “ಅಜ್ಜಿ, ಎಲೆಅಡಿಕೆ ಉಗಿದು ಬಾಯಿ ಮುಕ್ಕಳಿಸಿಕೊಂಡು ಬನ್ನಿ” ಅಂದಳಂತೆ. “ಹಲ್ಲಂತೂ ಇಲ್ಲ ಕಣಮ್ಮ, ಬಾಯಿ ಖಾಲಿ ಸೈಟು. ಏನು ಬೇಕಾದ್ರೂ ಹುಡುಕ್ಕೋ” ಅಂದಳಂತೆ ಅತ್ತೆ. ಚಿಕ್ಕಪ್ಪ ಕಡ್ಡಿಯನ್ನು ನೋಡಿ, “ಇಷ್ಟೇನಾ? ನಾನು ಸೂಜಿ ಅಂತ ಬೆಳಗ್ಗೆಯಿಂದ ಹೆದರ್ಕೊಂಡು ಕೂತಿದೀನಿ” ಅಂದರಂತೆ. ತಂಗಿ ಅವರಿಬ್ಬರಿಗೂ ದೋಸೆ ಕೊಡಿಸಿ, ಮನೆವರೆಗೂ ಬಿಟ್ಟು ಹೋದಳು. ಅವತ್ತು ಅವಳು ತುಂಬ ಗೆಲುವಾಗಿದ್ದಳಂತೆ.

ನಾನೂ ಅದೇ ದಿನ ಹೋಗಬೇಕಿತ್ತು. ಮಾಲು ಕೊಡಬೇಕು, ಇವತ್ತಾಗಲ್ಲ ಎಂದು ಹೇಳಿಕಳಿಸಿದ್ದೆ. ಮುಂದಿನ ವಾರ ಅವಳು ಅರ್ಧ ದಿನ ರಜೆ ಹಾಕಿ ಆಟೋ ತೆಗೆದುಕೊಂಡು ಬಂದಳು. ಏನೂ ತಿನ್ನದೆ ಇರು ಎಂದು ಹಿಂದಿನ ದಿನವೇ ಫೋನ್ ಮಾಡಿದ್ದಳು. ವಠಾರದ ಗೇಟಿನಲ್ಲಿ ಆಟೋ ನಿಂತ ಸದ್ದು ಕೇಳಿದೆ. ಎದ್ದು ಹೋಗಿ ತಟ್ಟೆಯಿಂದ ಎರಡು ಎಲೆ ತೆಗೆದು, ಸುಣ್ಣ ಹಚ್ಚಿ, ಅಡಿಕೆ ಸೇರಿಸಿ ಬಾಯಿಗೆ ಹಾಕಿಕೊಂಡೆ.

ಅವಳು ಬಾಗಿಲಲ್ಲಿ ನಿಂತು ನನ್ನ ಬಾಯಿ ನೋಡಿದಳು.

“ತೊಳ್ಕೋ. ದಾರೀಲಿ ಟೈಮ್ ಆಗುತ್ತೆ, ಅಷ್ಟರಲ್ಲಿ ಸರಿಹೋಗುತ್ತೆ.”

“ಇವತ್ತು ಬೇಡ ಬಿಡು. ಇವರಿಗೂ ಇಷ್ಟ ಇಲ್ಲ. ನೆಂಟಸ್ತನಾನ ಯಾರಾದ್ರೂ ಲ್ಯಾಬಲ್ಲಿ ಅಳೀತಾರಾ ಅಂತಾರೆ.”

ನನ್ನ ಗಂಡ ಹಾಗೆ ಅಂದೇ ಇರಲಿಲ್ಲ. “ಹೋಗಿ ಬಾ, ಅವಳ ಮನಸ್ಸಿಗೆ ಸಮಾಧಾನ ಆಗೋದಾದ್ರೆ ಆಗಲಿ” ಅಂದಿದ್ದರು.

“ಸರಿ” ಎಂದಳು. ಹೊರಗೆ ಆಟೋದವನು ಹಾರ್ನ್ ಹೊಡೆಯುತ್ತಿದ್ದ.

ಯಾಕೆ ಹೀಗೆ ಮಾಡಿದೆ ಎಂದು ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವಳು ನಮ್ಮವಳಲ್ಲ ಎಂದು ಬರುತ್ತದೆ ಎಂಬ ಭಯ ನನಗಿರಲಿಲ್ಲ. ನಮ್ಮವಳೇ ಎಂದು ಬರುವುದು ನನಗೆ ಗೊತ್ತಿತ್ತು. ಹಾಗೆ ಬಂದ ದಿನ, ಇಷ್ಟು ವರ್ಷ ನನಗೆ ತಿಳಿದಿತ್ತು ಎನ್ನುವುದು ಅವಳಿಗೂ ತಿಳಿಯುತ್ತದೆ. ತಲೆ ಬಾಚುವಾಗ ಆಡಿದ್ದು, ಚಿಕ್ಕವಳಾಗಿದ್ದೆ ಎಂದದ್ದು, ಹಾಲುತುಪ್ಪದ ದಿನ ಬಾಯಿ ಮುಚ್ಚಿಕೊಂಡಿದ್ದು, ಎಲ್ಲವೂ ಸುಳ್ಳಿನ ಲೆಕ್ಕಕ್ಕೆ ಬರುತ್ತವೆ. ಪರೀಕ್ಷೆ ಆಗದಿದ್ದರೆ ಅವೆಲ್ಲ ತಮಾಷೆಯಾಗಿಯೇ ಇರುತ್ತವೆ. ನಾನು ಕೂತಲ್ಲೇ ಬಾಯಿಬಿಟ್ಟು ಹೇಳಿಬಿಡಬಹುದಿತ್ತು, ಲ್ಯಾಬು ಬೇಕಿರಲಿಲ್ಲ. ಆದರೆ ಅಷ್ಟು ಹೊತ್ತಿಗೆ ನನ್ನ ಮಾತಿಗೆ ಅವಳ ಹತ್ತಿರ ಬೆಲೆ ಇರಲಿಲ್ಲ. ಒಂದು ಸಲ ಹೀಗೆ, ಒಂದು ಸಲ ಹಾಗೆ ಹೇಳಿ ಅದನ್ನು ಕಳೆದವಳೂ ನಾನೇ.

ನನ್ನದಿಲ್ಲದೆಯೇ ಕಳಿಸಿದರು. ಉತ್ತರ ಬಂದ ಮೇಲೆ ಅವಳು ಮನೆಗೆ ಬಂದಳು, ಆದರೆ ಕೂರಲಿಲ್ಲ.

“ಇರಬಹುದು ಅಂತ ಬಂದಿದೆ. ಅತ್ತೆ, ಚಿಕ್ಕಪ್ಪ ಇಬ್ಬರದಕ್ಕೂ ಸ್ವಲ್ಪ ಸ್ವಲ್ಪ ಹೋಲುತ್ತಂತೆ. ಖಚಿತವಾಗಿ ಹೇಳೋಕಾಗಲ್ವಂತೆ. ಸಂಬಂಧ ಇಲ್ಲದೋರಲ್ಲೂ ಅಷ್ಟು ಹೋಲಿಕೆ ಬರೋದುಂಟಂತೆ.”

“ಇರಬಹುದು ಅಂದ್ರೆ ಆಯ್ತಲ್ಲ, ಇನ್ನೇನು?” ಎಂದೆ.

“ಇರಬಹುದು ಅನ್ನೋದು ನನಗೆ ಮೊದಲೇ ಗೊತ್ತಿತ್ತು ಅಕ್ಕ.”

ಆ ವರ್ಷ ಗೌರಿ ಹಬ್ಬಕ್ಕೆ ನನ್ನ ಗಂಡ ಬಾಗಿನ ತೆಗೆದುಕೊಂಡು ಹೋದರೆ, ಕಾಫಿ ಕೊಟ್ಟು, ಚೆನ್ನಾಗಿ ಮಾತಾಡಿಸಿ, ಬಾಗಿನವನ್ನು ಮಾತ್ರ ಅವರ ಕೈಗೇ ವಾಪಸ್ ಇಟ್ಟಳಂತೆ. “ತವರು ಯಾವುದು ಅಂತ ಗೊತ್ತಾದ ಮೇಲೆ ತಗೋತೀನಿ ಭಾವ, ಬೇಜಾರು ಮಾಡ್ಕೋಬೇಡಿ.” ಅಡುಗೆಮನೆಯ ಮೂಲೆಯಲ್ಲಿ ಇಟ್ಟ ಆ ಬಾಗಿನ ಎಷ್ಟೋ ದಿನ ಹಾಗೇ ಇತ್ತು. ಬಳೆ, ಬಿಚ್ಚೋಲೆಯನ್ನು ಕೊನೆಗೆ ವಠಾರದ ಯಾವುದೋ ಹುಡುಗಿಗೆ ಕೊಟ್ಟೆ.

ಅದಾದ ಮೇಲೆ ನಮ್ಮ ಮನೆಗೆ ಬರುವುದನ್ನು ಅವಳು ನಿಲ್ಲಿಸಿದಳು. ಜಗಳವಿಲ್ಲ. ಮದುವೆ ಮುಂಜಿಗಳಲ್ಲಿ ಸಿಕ್ಕರೆ ಚೆನ್ನಾಗಿದೀಯಾ ಎಂದು ಕೇಳುತ್ತಿದ್ದಳು. ಅತ್ತೆ ಮಾತ್ರ ನನ್ನನ್ನು ಬಿಡಲಿಲ್ಲ. ಬಂದಾಗಲೆಲ್ಲ “ಹೋದ್ಯೇನೇ ಮಲ್ಲೇಶ್ವರಕ್ಕೆ?” ಎನ್ನುತ್ತಿದ್ದಳು. ಕೊನೆಯ ಸಲ ಹಾಸಿಗೆ ಹಿಡಿದು ಮಲಗಿದ್ದಾಗಲೂ ಕೇಳಿದಳು. “ಹೋಗ್ತೀನಿ ಅತ್ತೆ” ಎಂದೆ. “ನಾನಾಡಿದ್ದು ಒಂದು ಮಾತು ಕಣೇ. ಅದು ಸುಳ್ಳು ಅಂತ ಗೊತ್ತಾಗಿ ಹೋಗೋಣ ಅಂತ ಆಸೆ” ಎಂದಳು. ಆಗಲೂ, ಅವಳೊಬ್ಬಳಿಗಾದರೂ, ನಾನು ಕಂಡದ್ದನ್ನು ಹೇಳಲಿಲ್ಲ. ಆ ವಾರದಲ್ಲೇ ಅತ್ತೆ ಹೋದಳು.

ಆಮೇಲೆ ತಂಗಿಯ ಮಗಳು ಮೈನೆರೆದಳು. ಆರತಿಗೆ ಬನ್ನಿ ಎಂದು ತಂಗಿ ಫೋನ್ ಮಾಡಿದಳು, ಎಲ್ಲರಿಗೂ ಮಾಡಿದ ಹಾಗೆ. ನಮ್ಮಲ್ಲಿ ಹುಡುಗಿಗೆ ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕಬೇಕು. ನಮಗೆ ಅಣ್ಣತಮ್ಮಂದಿರಿಲ್ಲ, ತವರಿನ ಕಡೆಯಿಂದ ನನ್ನ ಗಂಡನನ್ನೇ ಕರೆಯುತ್ತಾಳೆ ಎಂದುಕೊಂಡು, ನಾನು ಚಿಕ್ಕಪೇಟೆಗೆ ಹೋಗಿ ಹುಡುಗಿಗೆ ಹಸಿರು ರೇಷ್ಮೆ ಸೀರೆ ತಂದಿದ್ದೆ. ಹೋಗಿ ನೋಡಿದರೆ ಗುಡ್ಲು ಆಗಲೇ ಹಾಕಿಯಾಗಿತ್ತು. ಮೂಲೆಯಲ್ಲಿ ನಾಲ್ಕು ತೆಂಗಿನ ಗರಿ ಕಟ್ಟಿ, ಪಕ್ಕದಲ್ಲಿ ಹೊಸ ಪಂಚೆ ಉಟ್ಟು, ಏನು ಮಾಡಬೇಕೆಂದು ತಿಳಿಯದೆ ತಲೆ ನರೆತವರೊಬ್ಬರು ನಿಂತಿದ್ದರು. ನನಗೆ ಗುರುತು ಸಿಗಲು ಸ್ವಲ್ಪ ಹೊತ್ತಾಯಿತು. ಹಾಲಿನವಳ ಮಗ. ತಂಗಿ ಮಾಗಡಿ ರಸ್ತೆಯಲ್ಲಿ ಹುಡುಕಿ ಕರೆತಂದಿದ್ದಳು. ಹುಡುಗಿಯ ಹಣೆಗೆ ಕುಂಕುಮ ಇಟ್ಟದ್ದು, ಮಡಿಲಿಗೆ ಸೀರೆ ಹಾಕಿದ್ದು ಅವರೇ.

ಊಟದ ಹೊತ್ತಿಗೆ ಅವರು ನನ್ನ ಪಕ್ಕ ಬಂದು ಕುಳಿತರು.

“ನಿಮ್ಮ ತಂಗಿ ಬಂದು ಅಣ್ಣಾ ಅಂತ ಕಾಲಿಗೆ ಬಿದ್ಬಿಟ್ರಮ್ಮ. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ನಮ್ಮವ್ವ ತೌಡು ಇಸ್ಕೊಂಡಿದ್ದು ಶಾಸ್ತ್ರಕ್ಕಲ್ವಾ? ನಾನೂ ಹುಡುಗ, ಹೊರಗೆ ಆಡ್ತಿದ್ದೆ. ನಿಮಗೆ ಗೊತ್ತಿರಬೇಕಲ್ಲ, ಯಾಕೆ ಹೇಳಿಲ್ಲ?”

ಎಲೆಯ ಮೇಲೆ ಬಡಿಸಿದ್ದು ಹಾಗೇ ಇತ್ತು. ನಾನು ಎದ್ದು ಕೈ ತೊಳೆದೆ. ಸೀರೆ ಚೀಲದಲ್ಲೇ ಉಳಿಯಿತು.

ಮಾರನೆಯ ದಿನ ಅವಳಿಗೆ ಫೋನ್ ಮಾಡಿ, ಮಲ್ಲೇಶ್ವರಕ್ಕೆ ಬರುತ್ತೇನೆ ಎಂದೆ. “ನಿನ್ನಿಷ್ಟ” ಎಂದಳು. ಆಟೋ ತರಲಿಲ್ಲ. ನಾನು ಬಸ್ಸಿನಲ್ಲಿ ಹೋದೆ. ಅವಳು ನೇರ ಶಾಲೆಯಿಂದ ಬಂದು, ನಡುವೆ ಒಂದು ಕುರ್ಚಿ ಬಿಟ್ಟು ಕುಳಿತಳು. ಲ್ಯಾಬಿನ ಹುಡುಗಿ ಕೆನ್ನೆಯೊಳಗೆ ಕಡ್ಡಿ ಆಡಿಸಿದಳು. ಅತ್ತೆಯದು, ಚಿಕ್ಕಪ್ಪನದು ಅವರ ಹತ್ತಿರ ಮೊದಲೇ ಇತ್ತು. ಅವುಗಳ ಜೊತೆ ನನ್ನದನ್ನೂ ಇಟ್ಟು ನೋಡುತ್ತೇವೆ, ಈಗ ಸ್ಪಷ್ಟವಾಗಿ ಗೊತ್ತಾಗುತ್ತದೆ ಎಂದಳು. ಹೊರಗೆ ಬಂದ ಮೇಲೆ ಇಬ್ಬರೂ ಬೇರೆ ಬೇರೆ ಬಸ್ಸು ಹತ್ತಿದೆವು.

ಉತ್ತರ ಬಂದ ದಿನ ಅವಳೇ ನನ್ನನ್ನು ಅಲ್ಲಿಗೆ ಕರೆದಳು. ಕಾಗದ ಇಂಗ್ಲಿಷಿನಲ್ಲಿತ್ತು. ಮೆಟ್ಟಿಲಿನ ಹತ್ತಿರ ನಿಂತುಕೊಂಡೇ ಪೂರ್ತಿ ಓದಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

“ನಾವಿಬ್ಬರೂ ಒಂದೇ ತಂದೆ ತಾಯಿ ಮಕ್ಕಳು ಅಂತ ಬರೆದಿದೆ. ಅನುಮಾನ ಇಲ್ಲ ಅಂತ.”

ಅವಳು ಅಳುತ್ತಾಳೆ, ಕೈ ಹಿಡಿದುಕೊಳ್ಳುತ್ತಾಳೆ, ಕಾಗದವೇ ಎಲ್ಲ ಮಾತನ್ನೂ ಆಡಿಬಿಡುತ್ತದೆ, ನಾನು ಏನೂ ಹೇಳಬೇಕಾಗುವುದಿಲ್ಲ ಎಂದು ನಾನು ಅಂದುಕೊಂಡಿದ್ದೆ. ಅವಳು ಅಳಲಿಲ್ಲ. ಕಾಗದ ಮಡಿಸಿ ಬ್ಯಾಗಿನಲ್ಲಿ ಇಟ್ಟುಕೊಂಡಳು. ಅವಳ ಕಿವಿಯ ಪಕ್ಕದ ಕೂದಲು ನರೆತಿರುವುದನ್ನು ನಾನು ಆಗ ಗಮನಿಸಿದೆ.

“ನನಗೆ ಇವತ್ತು ಗೊತ್ತಾಯ್ತು” ಎಂದಳು. “ನಿನಗೆ ಯಾವಾಗಿಂದ ಗೊತ್ತು ಅಕ್ಕ?”

ಜನ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಪಕ್ಕಕ್ಕೆ ಸರಿಯಿರಿ ಅಮ್ಮ ಎಂದು ಯಾರೋ ಅಂದರು. ನಾನು ಸರಿಯಲಿಲ್ಲ.

“ನೀನು ಹುಟ್ಟಿದಾಗಿಂದ” ಎಂದೆ. “ಅಮ್ಮನ್ನ ಹಿಂದಿನಿಂದ ಹಿಡ್ಕೊಂಡಿದ್ದೋಳು ನಾನೇ. ನೀನು ಬರೋದನ್ನ ಕಣ್ಣಾರೆ ನೋಡಿದೀನಿ. ಗೊತ್ತಿದ್ದೂ ಗೊತ್ತಿದ್ದೂ ಇಲ್ಲ ಅಂದೆ. ಅಪ್ಪನ ಹಾಲುತುಪ್ಪದ ದಿನ ನಿನ್ನ ಕೈಯಿಂದ ಬಟ್ಟಲು ಕಿತ್ಕೊಂಡೆ. ನನ್ನಿಂದ ತಪ್ಪಾಯ್ತು ಕಣೇ. ತುಂಬ ತಪ್ಪಾಯ್ತು.”